ಸ್ವಂತ ರುಚಿಯಿಲ್ಲದ ಚುಂಗಾಣಿ

ನಾನು ಒಂದು ಚುಂಗಾಣಿ. ಮರದ್ದು, ಡೊಂಕು ಕತ್ತಿನದು. ನನ್ನನ್ನು ಸುಖಕ್ಕಾಗಿ ಯಾರೂ ಒಂದು ದಿನವೂ ಸೇದಲಿಲ್ಲ. ನಾನಿದ್ದದ್ದು ಹೊಗೆಸೊಪ್ಪಿನ ರುಚಿ ನೋಡುವುದಕ್ಕೆ. ಹುಣಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದೆ. ಒಂದು ಮಿಶ್ರಣ ಚೆನ್ನಾಗಿದೆಯೋ ಇಲ್ಲವೋ ಎಂಬ ತೀರ್ಪು ಮೊದಲು ನನ್ನ ಹೊಟ್ಟೆಯಲ್ಲಿ ಹೊತ್ತಿ ಉರಿಯುತ್ತಿತ್ತು, ಆಮೇಲೆ ರಿಜಿಸ್ಟರಿಗೆ ಹೋಗುತ್ತಿತ್ತು.

ಕಡಲಾಚೆಯ ಒಣ ಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆಯ ಬೇರಿನ ಗಂಟು ನಾನು. ಬೇಗ ಸುಡುವುದಿಲ್ಲ ಎಂಬುದೊಂದೇ ನಮ್ಮ ಕುಲದ ಹೆಚ್ಚುಗಾರಿಕೆ. ಪೆಟ್ಟಿಗೆಯಲ್ಲಿ ಬಂದ ನನ್ನನ್ನು ಮೈಸೂರಿನ ಮುನೀರ್ ಸಾಬರು ಕೆತ್ತಿದರು. ಬೀಟೆಮರದಲ್ಲಿ ಆನೆ, ಅಂಬಾರಿ ಕೂರಿಸುವ ಕೈ ಅವರದು. ಕೊಡಗಿನ ಕಾಫಿ ತೋಟದ ಯಜಮಾನರೊಬ್ಬರು ಹೇಳಿ ಮಾಡಿಸಿದ್ದರು. ತೆಗೆದುಕೊಳ್ಳಲು ಬಂದವರು ನನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಪಕ್ಕೆಯಲ್ಲಿ ರಾಗಿಕಾಳಿನಷ್ಟು ಒಂದು ಗುಳಿ ಕಂಡಿತು. ಮೂಗು ಮುರಿದು ಅಲ್ಲೇ ಇಟ್ಟು ಹೋದರು. ಅಂಗಡಿಯ ಹಲಗೆಯ ಮೇಲೆ ಎಂಟು ತಿಂಗಳು ಮರದ ಪುಡಿ ಕುಡಿಯುತ್ತ ಬಿದ್ದಿದ್ದೆ. ಬೇಸರವಾಯಿತೇ ಎಂದು ಕೇಳಿದರೆ, ಇಲ್ಲ. ಬೇಸರಪಟ್ಟುಕೊಳ್ಳುವುದು ನನಗೆ ಬರುವುದಿಲ್ಲ.

ಎಂಟು ತಿಂಗಳಾದ ಮೇಲೆ ಲೋಕನಾಥ ಅರಸು ಬಂದರು. ಹುಣಸೂರಿನಲ್ಲಿ ಅವರನ್ನು ಎಲ್ಲರೂ ಟೇಸ್ಟರ್ ಅರಸು ಎನ್ನುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೂದಲು ಹಿಂದಕ್ಕೆ ಬಾಚಿದ ಎತ್ತರದ ಆಸಾಮಿ.

"ಹುಳುಕಲ್ಲ ಸಾರ್ ಅದು, ಬೇರಿನ ಜೊತೆ ಹುಟ್ಟಿದ್ದು. ಹೊಗೆಗೇನೂ ಅಡ್ಡಿಯಿಲ್ಲ" ಎಂದರು ಮುನೀರ್ ಸಾಬರು.

"ಚೆಂದ ಯಾರಿಗೆ ಬೇಕು ಸಾಬರೇ? ರುಚಿ ನೋಡೋ ಚುಂಗಾಣಿಗೆ ಸ್ವಂತ ರುಚಿ ಇರಬಾರದು. ಅಷ್ಟಿದ್ದರೆ ಸಾಕು ನನಗೆ" ಎಂದು ಅರಸು ನನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು.

ಆ ಮಾತಿನ ಅರ್ಥ ಕಾರ್ಖಾನೆಗೆ ಹೋದ ಮೇಲೆ ತಿಳಿಯಿತು. ಬೇರೆ ಚುಂಗಾಣಿಗಳ ಬಟ್ಟಲಿನಲ್ಲಿ ವರ್ಷಗಟ್ಟಲೆ ಮಸಿ ಕಟ್ಟುತ್ತದೆ, ಆ ಮಸಿಯೇ ಅವುಗಳ ಆಸ್ತಿ. ನನಗೆ ಅದಿರಲಿಲ್ಲ. ಬೆಳಿಗ್ಗೆ ಅರಸು ಕಾಫಿ ಕುಡಿಯದೆ ಬರುತ್ತಿದ್ದರು. ಒಂದು ತುತ್ತು ಬರಿ ಅನ್ನ ಅಗಿದು, ಬೆಚ್ಚಗಿನ ನೀರು ಮುಕ್ಕಳಿಸಿ, ಮೂರು ಚಿಟಿಕೆ ಸೊಪ್ಪು ತುಂಬಿ, ಅರ್ಧ ಬಟ್ಟಲು ಮಾತ್ರ ಸೇದುತ್ತಿದ್ದರು. ಆಮೇಲೆ ಬೂದಿ ಕೊಡವಿ, ಚಾಕುವಿನಿಂದ ನನ್ನ ಒಳಗೋಡೆ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಬಟ್ಟಲಿನ ತುಂಬ ಉಪ್ಪು ತುಂಬಿಡುತ್ತಿದ್ದರು. ಉಪ್ಪು ಉಳಿದದ್ದನ್ನೆಲ್ಲ ಹೀರಿಕೊಳ್ಳುತ್ತಿತ್ತು. ಮರುದಿನಕ್ಕೆ ನಾನು ಖಾಲಿ, ಹಿಂದಿನ ದಿನ ಏನು ಉರಿದಿತ್ತು ಎಂಬುದು ನನ್ನಲ್ಲಿ ಇರಕೂಡದು. ಮೊದಮೊದಲು ಚಾಕು ತಾಗಿದಾಗ ಉರಿಯುತ್ತಿತ್ತು. ಕೆಲವು ವರ್ಷಗಳಲ್ಲಿ ಅದೂ ನಿಂತಿತು.

ಒಂದು ಮಾತು ಹೇಳಿಬಿಡುತ್ತೇನೆ. ನನಗೆ ರುಚಿ ತಿಳಿಯುವುದಿಲ್ಲ, ರುಚಿ ಬಾಯಿಗೆ ಸೇರಿದ್ದು. ನನಗೆ ತಿಳಿಯುವುದು ಬಿಸಿ ಮತ್ತು ತೇವ, ಎರಡೇ. ಹದವಾದ ಸೊಪ್ಪು ತಣ್ಣಗೆ, ತೇವ ಬಿಡದೆ ಉರಿಯುತ್ತದೆ. ಹದ ತಪ್ಪಿದ್ದು ನನ್ನ ತಳದಲ್ಲಿ ಕಪ್ಪು ರಸ ಬಿಡುತ್ತದೆ, ಗೊರಗೊರ ಸದ್ದು ಮಾಡುತ್ತದೆ.

ಹದಿನಾಲ್ಕು ವರ್ಷ ಅರಸರ ತೀರ್ಪು ಒಂದೂ ಸುಳ್ಳಾಗಲಿಲ್ಲ. ಹದಿನೈದನೆಯ ವರ್ಷ ಅವರಿಗೆ ಜ್ವರ ಬಂತು. ಮೂರು ವಾರ ಮಲಗಿ ಎದ್ದರು. ಎದ್ದ ಮೇಲೆ ಒಂದು ದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದರು, ನಾನು ಅವರ ಅಂಗಿಯ ಜೇಬಿನಲ್ಲಿದ್ದೆ. ಅನ್ನ, ಸಾರು ಎರಡು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆಯಲು ಎದ್ದ ಮೇಲೆ ಅವರ ಹೆಂಡತಿ ಚೆಲುವಾಜಮ್ಮಣ್ಣಿಯವರು ತಮ್ಮ ತಟ್ಟೆಗೆ ಬಡಿಸಿಕೊಂಡು ಒಂದು ತುತ್ತು ಬಾಯಿಗಿಟ್ಟರು.

"ಅಯ್ಯೋ ಶಿವನೇ, ಸಾರಿಗೆ ಉಪ್ಪೇ ಹಾಕಿಲ್ಲ! ನೀವು ಸುಮ್ಮನೆ ತಿಂದಿರಲ್ಲ?"

"ಹಸಿವಾಗಿತ್ತು" ಎಂದರು ಅರಸು.

ಜ್ವರ ಅವರ ಮೂಗು, ನಾಲಿಗೆ ಎರಡನ್ನೂ ಹೊತ್ತುಕೊಂಡು ಹೋಗಿತ್ತು. ಅದನ್ನು ಅವರು ಹೆಂಡತಿಗೂ ಹೇಳಲಿಲ್ಲ, ಮಾಲೀಕರಿಗಂತೂ ಹೇಳುವ ಹಾಗೇ ಇರಲಿಲ್ಲ. ಟೇಸ್ಟರ್ ಎಂಬ ಹೆಸರು ಬಿಟ್ಟರೆ ಅವರಿಗೆ ಬೇರೆ ಹೆಸರಿರಲಿಲ್ಲ. ಯಥಾಪ್ರಕಾರ ಬಂದು, ಯಥಾಪ್ರಕಾರ ಸೇದಿ, ಬೂದಿಯ ಬಣ್ಣ ನೋಡಿ ಅಂದಾಜಿನ ಮೇಲೆ ಬರೆಯತೊಡಗಿದರು. ನನಗೇನು, ನಾನು ಉರಿಯುತ್ತಿದ್ದೆ.

ಎಲೆ ಬೇರ್ಪಡಿಸುವ ಗ್ರೇಡಿಂಗ್ ಶೆಡ್ಡಿನ ಹೆಂಗಸರಿಗೆ ನಿಂಗಾಜಮ್ಮ ಎಂಬುವಳು ಹಿರಿಯಳು. ಸೊಪ್ಪು ಒಣಗಿಸುವ ಬ್ಯಾರನ್‌ನಿಂದ ಬಂದ ಎಲೆಗಳನ್ನು ಮೂವತ್ತು ವರ್ಷ ಮುಟ್ಟಿ ಮೂಸಿ ಜೋಡಿಸಿದವಳು. ಸೊಪ್ಪಿನ ತಟ್ಟೆ ತಂದಿಡುವುದು, ಬೂದಿ ಬಟ್ಟಲು ಒಯ್ಯುವುದು ಅವಳ ಕೆಲಸವಾಗಿತ್ತು. ಜ್ವರವಾಗಿ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಅವಳು ಬೂದಿ ಎತ್ತುವಾಗ, ಇನ್ನೂ ಬೆಚ್ಚಗಿದ್ದ ನನ್ನನ್ನು ಎಲೆ ಮೂಸುವ ಅಭ್ಯಾಸಬಲದಿಂದ ಮೂಗಿನ ಹತ್ತಿರ ಹಿಡಿದಳು.

"ಇದಿನ್ನೂ ಒಗರು ಬುದ್ಧಿ" ಎಂದಳು.

ಅರಸು ಆಗಷ್ಟೇ 'ಚೆನ್ನಾಗಿದೆ' ಎಂದು ಬರೆದಿದ್ದರು. ಅವಳನ್ನೇ ನೋಡಿದರು. ಆಮೇಲೆ ಅದನ್ನು ಹೊಡೆದುಹಾಕಿ 'ಒಗರು, ಹದಿನೈದು ದಿನ ಡಬ್ಬಿಯಲ್ಲಿ ಕೂರಲಿ' ಎಂದು ಬರೆದರು.

ಮರುದಿನ ಅವರೇ ನನ್ನನ್ನು ಅವಳ ಕಡೆ ಚಾಚಿದರು. ಹಾಗೆಯೇ ನಡೆದುಹೋಯಿತು, ಆರು ವರ್ಷ. ಅವರು ಸೇದುವರು, ಅವಳು ಮೂಸುವಳು, ಅವರು ಬರೆಯುವರು. ತನಗೆ ವಾಸನೆ ಇಲ್ಲ ಎಂದು ಅವರು ಬಾಯಿಬಿಡಲಿಲ್ಲ, ಅವಳೂ ಕೇಳಲಿಲ್ಲ. ಅವಳ ಮೂಗು ಅವರ ಹಿಂದಿನ ಮೂಗಿಗಿಂತ ಸೂಕ್ಷ್ಮ ಎಂದು ನನಗೆ ಆ ಆರು ವರ್ಷದಲ್ಲಿ ಗೊತ್ತಾಯಿತು. ತಳದಲ್ಲಿ ರಸ ನಿಂತ ದಿನ ಒಂದೂ ತಪ್ಪದೆ ಅವಳು ತಲೆ ಅಲ್ಲಾಡಿಸುತ್ತಿದ್ದಳು. ಊರಿನಲ್ಲಿ ಟೇಸ್ಟರ್ ಅರಸರ ಹೆಸರು ಇನ್ನೂ ದೊಡ್ಡದಾಯಿತು. ಅವಳು ದಿನಗೂಲಿಯಲ್ಲೇ ಇದ್ದಳು.

ಆಮೇಲೆ ಸಿಗಾರ್ ಎಲೆ ಬಂತು. ಮಾಲೀಕರಾದ ಗುರುಪಾದ ಶೆಟ್ಟರಿಗೆ ದೂರದ ವ್ಯಾಪಾರಿಯೊಬ್ಬರು ಹೊಸ ಮಿಶ್ರಣ ಕೇಳಿದ್ದರು, ನಮ್ಮ ಕಡೆಯ ಹಳದಿ ಸೊಪ್ಪಿನ ಜೊತೆಗೆ ಸಿಗಾರ್ ಸುತ್ತುವ ಕಪ್ಪು ಎಲೆ ಸೇರಿದ್ದು. ಆ ಎಲೆ ನಮ್ಮದಲ್ಲ, ತಮಿಳು ಸೀಮೆಯದು. ಅದನ್ನು ತಿಂಗಳುಗಟ್ಟಲೆ ರಾಶಿ ಹಾಕಿ, ರಾಶಿ ಬಿಸಿಯೇರಿ ಬೆವರಿದಾಗ ಬಿಚ್ಚಿ ಮಗುಚಿ, ಮತ್ತೆ ರಾಶಿ ಹಾಕಿ ಹದ ಮಾಡಬೇಕು. ಹದವಾದರೆ ಮಿಶ್ರಣಕ್ಕೆ ಮಣ್ಣಿನಂಥ ಒಂದು ಗಾಂಭೀರ್ಯ ಕೊಡುತ್ತದಂತೆ. ಹದ ತಪ್ಪಿದರೆ ಕೊಟ್ಟಿಗೆಯ ಘಾಟು. ಇದೆಲ್ಲ ಅರಸರ ಮಾತು, ಹಳೆಯ ದಿನಗಳದು.

ಆ ಎಲೆಯ ಬೇಲುಗಳನ್ನು, ಗೋಣಿಯಲ್ಲಿ ಒತ್ತಿ ಕಟ್ಟಿದ ಮೂಟೆಗಳನ್ನು, ಶೆಡ್ಡಿಗೆ ಕೊಡದೆ ಗೋದಾಮಿನಲ್ಲಿ ಬೀಗ ಹಾಕಿಟ್ಟಿದ್ದರು. ಶೆಟ್ಟರೇ ಒಂದು ಹಿಡಿ ಸೊಪ್ಪು ಬೆರೆಸಿ ತಂದರು. ಜೊತೆಗೆ ವ್ಯಾಪಾರಿಯೂ ಬಂದು ಕುಳಿತರು, ರೈಲು ಹತ್ತುವ ಮೊದಲು ತೀರ್ಪು ಕೇಳಿಕೊಂಡೇ ಹೋಗಬೇಕೆಂದು. ಶೆಟ್ಟರಿಗೆ ನಸ್ಯದ ಚಟ. ಅವರ ಮೂಗಿಗೆ ಮನೆ ಹೊತ್ತಿ ಉರಿದರೂ ಹೊಗೆಯ ವಾಸನೆ ಬರುತ್ತಿರಲಿಲ್ಲ. ವ್ಯಾಪಾರಿ ಹೊಗೆಸೊಪ್ಪು ಮಾರುವವರೇ ಹೊರತು ಮುಟ್ಟುವವರಲ್ಲ, ಆಗಲೇ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದರು. ನಿಂಗಾಜಮ್ಮ ತಟ್ಟೆ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು.

ಅರಸು ನನಗೆ ಬೆಂಕಿ ಕೊಟ್ಟರು. ನಾಲ್ಕನೆಯ ದಮ್ಮಿಗೇ ನನ್ನ ತಳದಲ್ಲಿ ರಸ ನಿಂತಿತು. ನಾನು ಗೊರಗೊರ ಎಂದೆ. ಅದಕ್ಕಿಂತ ಜೋರಾಗಿ ನನ್ನಿಂದಾಗುವುದಿಲ್ಲ. ಅರಸರ ನಾಲಿಗೆ ಚುರ್ ಎಂದಿರಬೇಕು, ಕಣ್ಣಲ್ಲಿ ನೀರಾಡಿತು. ಅಷ್ಟು ಮಾತ್ರ ಅವರಿಗೆ ಇನ್ನೂ ತಿಳಿಯುತ್ತಿತ್ತು. ಆದರೆ ಅದು ಹಣ್ಣಾದ ಎಲೆಯ ಖಾರವೋ ಹಸಿ ಎಲೆಯ ಘಾಟೋ ಎಂದು ಹೇಳಬೇಕಾದದ್ದು ಮೂಗು. ಅವರ ಹಲ್ಲು ನನ್ನ ಕೊಳವೆಯನ್ನು ಬಿಗಿಯಾಗಿ ಕಚ್ಚಿತು. ಭಯವಾಗಿತ್ತು ಅವರಿಗೆ.

"ಹೇಗಿದೆ ಅರಸು?" ಎಂದರು ಶೆಟ್ಟರು.

ಅರಸು ಕಿಟಕಿಯ ಕಡೆ ನೋಡಿದರು. "ಖಾರ ಚೆನ್ನಾಗಿ ಬಂದಿದೆ. ಕಪ್ಪು ಎಲೆ ಅಂದರೆ ಹೀಗೇ ಇರಬೇಕು" ಎಂದರು. ರಿಜಿಸ್ಟರಿನಲ್ಲಿ ಅದನ್ನೇ ಬರೆದು ಸಹಿ ಹಾಕಿದರು. ವ್ಯಾಪಾರಿ ಎದ್ದು ಕೈಕುಲುಕಿದರು.

ಎರಡು ದಿನವಾದ ಮೇಲೆ ಬೇಲು ಬಿಚ್ಚಿ ಶೆಡ್ಡಿಗೆ ಕೊಟ್ಟರು. ಸಂಜೆ ನಿಂಗಾಜಮ್ಮ ಅರಸರ ಕೋಣೆಗೆ ಬಂದಳು. ಕಣ್ಣು ಕೆಂಪಾಗಿತ್ತು.

"ಎಲೆ ಹಸಿ ಬುದ್ಧಿ. ಗಂಜ್ಲದ ಘಾಟು, ಹೆಂಗುಸ್ರಿಗೆ ಕಣ್ ಬುಡಕಾಯ್ತಿಲ್ಲ. ಇನ್ನೂ ಅರ್ಧ ಬೆರ್ಸಿಲ್ಲ, ಈಗ್ಲೂ ಶೆಟ್ರಿಗೆ ಹೇಳ್ಬೋದು."

"ಸಹಿ ಹಾಕಿ ಆಯ್ತಲ್ಲ" ಎಂದರು ಅರಸು. ರಿಜಿಸ್ಟರು ಮುಚ್ಚಿಟ್ಟು, "ಡಬ್ಬಿಯಲ್ಲಿ ಕೂತರೆ ಸರಿಹೋಗುತ್ತೆ" ಎಂದರು.

ಅವಳು ಹೊರಟುಹೋದಳು. ಅರಸು ನನ್ನ ಬಟ್ಟಲಿಗೆ ಹೊಸ ಉಪ್ಪು ತುಂಬಿದರು. ಹಿಂದಿನ ಉಪ್ಪು ಕಂದು ಬಣ್ಣಕ್ಕೆ ತಿರುಗಿತ್ತು.

ಡಬ್ಬಿಯಲ್ಲಿ ಸರಿಹೋಗಲಿಲ್ಲ. ಎರಡೂವರೆ ತಿಂಗಳಿಗೆ ಮಾಲೆಲ್ಲ ವಾಪಸು ಬಂತು. ಡಬ್ಬಿಯ ಮುಚ್ಚಳ ತೆಗೆದರೆ ನಸ್ಯದ ಶೆಟ್ಟರೂ ಹಿಂದೆ ಸರಿದರು. ಅರಸರ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತರು. ಸಿಟ್ಟಿಗಿಂತ ಹೆಚ್ಚಾಗಿ ಗೊಂದಲವಿತ್ತು ಅವರ ದನಿಯಲ್ಲಿ.

"ನಿಮ್ಮ ನಾಲಿಗೆ ಇಪ್ಪತ್ತು ವರ್ಷದಲ್ಲಿ ತಪ್ಪಿದ್ದಿಲ್ಲ. ಇದೇನಾಯ್ತು ಅರಸು?"

ನಾನು ಮೇಜಿನ ಮೇಲಿದ್ದೆ. ಅರಸರ ಬೆರಳು ನನ್ನ ಪಕ್ಕೆಯನ್ನು ಸವರುತ್ತಿತ್ತು. ಹೇಳಬಹುದಾಗಿದ್ದ ಮಾತು ಒಂದೇ ಸಾಲಿನದು. ಅವರು ಬೇರೊಂದು ಸಾಲು ಹೇಳಿದರು.

"ನಾನು ನೋಡಿದ ಸೊಪ್ಪು ಚೆನ್ನಾಗಿತ್ತು. ಶೆಡ್ಡಿನಲ್ಲಿ ಏನು ಬೆರೆಸಿದರೋ ನನಗೆ ಗೊತ್ತಿಲ್ಲ."

ಅದು ಸಾಕಾಯಿತು. ಹಸಿ ಎಲೆ ಕಂಡೂ ಯಾರಿಗೂ ಹೇಳದೆ ಬೆರೆಸಿದರೆಂದು ಶೆಡ್ಡಿನ ಹಿರಿಯಳ ತಲೆಗೆ ಕಟ್ಟಿದರು. ಮಾರನೆಯ ದಿನದಿಂದ ನಿಂಗಾಜಮ್ಮನನ್ನು ಗೇಟಿನ ಒಳಗೆ ಬಿಡಲಿಲ್ಲ. ಅವಳು ಕೂಗಾಡಲಿಲ್ಲವಂತೆ. ಬೂದಿ ಬಟ್ಟಲು ತೆಗೆಯಲು ಬೇರೊಬ್ಬ ಹೆಂಗಸು ಬಂದಳು, ನನ್ನನ್ನು ಮುಟ್ಟಲಿಲ್ಲ. ಆಗ ನನಗೆ ದುಃಖವಾಯಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗುತ್ತದೆ. ನಿಜ ಹೇಳಬೇಕೆಂದರೆ ಏನೂ ಆಗಲಿಲ್ಲ. ಖಾಲಿಯಾಗಿರುವುದನ್ನು ಅಷ್ಟು ಚೆನ್ನಾಗಿ ಕಲಿಸಿದ್ದರು. ಆದರೆ ಮೂರು ಸಲ ಉಪ್ಪು ತುಂಬಿದರೂ, ಸ್ಪಿರಿಟ್ ಹಾಕಿ ಒರೆಸಿದರೂ ಆ ಕಪ್ಪು ರಸದ ತೇವ ನನ್ನ ತಳದಿಂದ ಹೋಗಲಿಲ್ಲ.

ಅರಸು ಇನ್ನು ಏಳು ತಿಂಗಳು ಮಾತ್ರ ಕೆಲಸ ಮಾಡಿದರು. ಕೇಳಲು ಯಾರೂ ಇಲ್ಲದೆ ಎಲ್ಲದಕ್ಕೂ 'ಇನ್ನೂ ಕೂರಲಿ' ಎಂದು ಬರೆದರು. ಆಮೇಲೆ ಕಣ್ಣು ಸರಿಯಿಲ್ಲ ಎಂದು ನಿವೃತ್ತಿ ಕೇಳಿದರು. ಹಾರ ಹಾಕಿ, ಶಾಲು ಹೊದಿಸಿ, ಅವರ ನಾಲಿಗೆಯನ್ನು ಹೊಗಳಿ ಭಾಷಣ ಮಾಡಿ, ನನ್ನನ್ನು ಒಂದು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಅವರಿಗೇ ಕಾಣಿಕೆ ಕೊಟ್ಟರು. ಭಾಷಣದ ಉದ್ದಕ್ಕೂ ಅವರು ತಲೆ ಬಗ್ಗಿಸಿಕೊಂಡಿದ್ದರು. ಜನ ಅದನ್ನು ವಿನಯ ಎಂದುಕೊಂಡರು.

ಎರಡು ವರ್ಷ ಪೆಟ್ಟಿಗೆಯಲ್ಲೇ ಇದ್ದೆ. ಒಂದು ಬೆಳಿಗ್ಗೆ ಅರಸು ನನ್ನನ್ನು ಜೇಬಿಗೆ ಹಾಕಿಕೊಂಡು ಬಸ್ ಹತ್ತಿ ನಿಂಗಾಜಮ್ಮನ ಹಳ್ಳಿಗೆ ಹೋದರು. ಅವಳು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. ಎದ್ದು ಚಾಪೆ ಹಾಕಿದಳು, ನೀರು ಕೊಟ್ಟಳು. ಅರಸು ನೀರು ಕುಡಿದು, ನನ್ನನ್ನು ಚಾಪೆಯ ಮೇಲಿಟ್ಟರು.

"ಇದು ನಿನ್ನದು ನಿಂಗಾಜಮ್ಮ. ಆರು ವರ್ಷ ನನ್ನ ಸಹಿಯ ಮೇಲಿದ್ದದ್ದೆಲ್ಲ ನಿನ್ನ ಮಾತು. ನನಗೆ ಮೂಗು ಇರಲಿಲ್ಲ."

"ಗೊತ್ತು ಬುದ್ಧಿ."

"ಅವತ್ತು ಅವರಿಬ್ಬರ ಎದುರಿಗೆ ನಿನ್ನನ್ನು ಹೇಗೆ ಕೇಳೋದು ಹೇಳು? ಬಾಯಿ ಬಿಟ್ಟಿದ್ದರೆ ಎಲ್ಲ ಮುಗಿದುಹೋಗ್ತಿತ್ತು."

ನಿಂಗಾಜಮ್ಮ ಒಂದು ಅವರೆಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು.

"ಬಾಯ್ ಯಾಕ್ ಬುಡ್ಬೇಕಿತ್ತು ಬುದ್ಧಿ? ಹೊಗೆ ಬಾಗ್ಲುಗಂಟ ಬಂದಿತ್ತು. ನಾನು ಅಲ್ಲೇ ನಿಂತಿದ್ನಲ್ಲ. ಒಂದ್ ಕಿತ ನನ್ ಕಡೆ ತಿರುಗಿ ನೋಡಿದ್ರೆ ಸಾಕಾಗಿತ್ತು, ತಲೆ ಅಲ್ಲಾಡಿಸ್ಬುಡ್ತಿದ್ದೆ. ನೀವು ನೋಡ್ತೀರಿ ನೋಡ್ತೀರಿ ಅಂತ ಕಾಯ್ತಾನೇ ಇದ್ದೆ."

ಅರಸು ನನ್ನನ್ನು ಚಾಪೆಯ ಮೇಲೇ ಬಿಟ್ಟರು. ಎದ್ದು ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ಲುವ ಕಡೆ ನಡೆದರು.

ಈಗ ನಾನಿರುವುದು ನಿಂಗಾಜಮ್ಮನ ಮನೆಯ ಗೋಡೆಯ ಗೂಡಿನಲ್ಲಿ, ಕೊಬ್ಬರಿ ಎಣ್ಣೆಯ ಸೀಸೆಯ ಪಕ್ಕದಲ್ಲಿ. ಪಕ್ಕೆಯ ಗುಳಿಯಿಂದ ಒಂದು ಸೀಳು ಬಿಟ್ಟಿದೆ, ಇನ್ನು ಬೆಂಕಿ ತಡೆಯಲಾರೆ. ನನ್ನಲ್ಲಿ ಉರಿದ ಸಾವಿರಾರು ಬಟ್ಟಲುಗಳಲ್ಲಿ ಒಂದೂ ನೆನಪಿಲ್ಲ, ಆ ಒಂದನ್ನು ಬಿಟ್ಟು. ನಾನು ಬಾಯಿಲ್ಲದ ವಸ್ತು, ಗೊರಗೊರ ಎಂದದ್ದಷ್ಟೇ ನನ್ನ ಪಾಲಿನ ಸಾಕ್ಷಿ. ಬಾಯಿ ಇದ್ದವರು ಕಿಟಕಿಯ ಕಡೆ ನೋಡಿದರು.

ಅರಸು ಬಂದುಹೋದ ದಿನ ನಿಂಗಾಜಮ್ಮ ಅವರೆಕಾಯಿಯೆಲ್ಲ ಬಿಡಿಸಿ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ನನ್ನನ್ನು ಎತ್ತಿಕೊಂಡಳು. ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದಳು. ಅವಳಿಗೆ ಏನು ತಿಳಿಯಿತೋ ಹೇಳಲಿಲ್ಲ. ಬರೆದುಕೊಳ್ಳುವವರು ಎದುರಿಗೆ ಯಾರೂ ಇರಲಿಲ್ಲ.