ಅಕ್ಕುಲಪ್ಪನ ಪಾಲಿನ ತಮಟೆ

"ಏನ್ಲಾ ಬೋಳಿಮಗನೆ, ತಮಟೆ ಹೊಡಿಯೋ ಜಾತಿಗೆ ತಮಟೆ ಹೊಡೀರಿ ಅಂದ್ರೆ ಮೈಮ್ಯಾಲೆ ದೆವ್ವ ಬತ್ತದಾ?"

ಮೇಲಿನ ಊರಿನ ಗೊಬ್ಬರದಂಗಡಿಯ ಯಜಮಾನ ಜಯಚಂದ್ರ ಬುಲೆಟ್ ಗಾಡಿಯಿಂದ ಇಳಿಯದೆಯೇ ಬೈಯುತ್ತಿದ್ದ. ಬೈಸಿಕೊಳ್ಳುತ್ತಿದ್ದವನು ಮುತ್ಯಾಲಪ್ಪ, ಹುಣಸೇಪಲ್ಲಿ ಕಾಲನಿಯ ತಮಟೆಯವರಿಗೆಲ್ಲ ಹಿರಿಯ. ತಲೆಯ ಮೇಲಿದ್ದ ಟವೆಲ್ಲು ಆಗಲೇ ಕಂಕುಳಿಗೆ ಬಂದಿತ್ತು. ಪಕ್ಕದ ಹುಣಸೆಮರದ ಬುಡದಲ್ಲಿ ಅವನ ಸತ್ತ ತಮ್ಮನ ಹೆಂಡತಿ ಪಾಪಕ್ಕ ಬಗ್ಗಿ ಕೊಕ್ಕರೆ ಹಿಕ್ಕೆ ಗುಡಿಸುತ್ತಿದ್ದಳು. ಬೈಗುಳ ಕಿವಿಗೆ ಬಿದ್ದರೂ ಪೊರಕೆ ನಿಲ್ಲಿಸಲಿಲ್ಲ. ಜಯಚಂದ್ರ ಬಾಯಿ ತೆರೆದಾಗಲೆಲ್ಲ ಪೊರಕೆ ಕೆಳಗಿಟ್ಟರೆ ಗುಡಿಸಿ ಮುಗಿಯುವುದು ಯಾವ ಕಾಲಕ್ಕೆ?

"ಅಂಗಲ್ಲ ಸಾಮಿ," ಎಂದ ಮುತ್ಯಾಲಪ್ಪ. "ಕೊಕ್ಕರೆ ಮರಿ ಮಾಡವೆ. ಈಗ ತಮಟೆ ಹೊಡುದ್ರೆ ತಾಯಿ ಎದ್ದೋಯ್ತವೆ, ಮರಿ ಗಾಬ್ರಿ ಬಿದ್ದು ಗೂಡಿಂದ ಉದುರ್ತವೆ. ಬಾಣಂತಿ ಮನೆ ಮುಂದೆ ಯಾರಾನ ತಮಟೆ ಹೊಡೀತಾರಾ?"

"ಬಾಣಂತಿಯಂತೆ! ನೀನೇನ್ ಸೂಲಗಿತ್ತಿ ನೋಡು! ಪಕ್ಷಿ ಹಬ್ಬ ಕಣ್ಲಾ, ಸರ್ಕಾರದ್ದು. ದೊಡ್ಡ ಸಾಹೇಬ್ರು ಕಾರಿಳಿದಾಗಿಂದ ಸ್ಟೇಜ್ ಹತ್ತೋಗಂಟ ತಮಟೆ ಮೊಳಗ್ಬೇಕು. ಹೊಡೀಲಿಲ್ವಾ, ಕಾಲನೀಲಿರೋ ತಮಟೆಗಳೆಲ್ಲ ಸಾಯಂಕಾಲಕ್ಕೆ ನಮ್ ಅಂಗಡೀಲಿರ್ತವೆ. ಆಮ್ಯಾಲೆ ನಿಮ್ ಹೆಣಗಳಿಗೆ ಚಪ್ಪಾಳೆ ತಟ್ಕೊಂಡು ಹೋಗ್ರಿ."

ಬುಲೆಟ್ಟು ಗುಡುಗುಡು ಎಂದು ಹೊರಟಿತು. ಪಾಪಕ್ಕ ಆಗ ಪೊರಕೆ ನಿಲ್ಲಿಸಿದಳು.

ಹಿಂದೂಪುರ ಬಿಟ್ಟು ಸೋಮಂದೇಪಲ್ಲಿ ಕಡೆ ಹೋಗುತ್ತ ಮಣ್ಣಿನ ರಸ್ತೆಗೆ ತಿರುಗಿದರೆ ಹುಣಸೇಪಲ್ಲಿ. ಸಂಕ್ರಾಂತಿ ಕಳೆದು ಎಳ್ಳುಬೆಲ್ಲದ ರುಚಿ ಬಾಯಲ್ಲಿ ಇರುವಾಗಲೇ ಅಲ್ಲಿಗೆ ಬಣ್ಣದ ಕೊಕ್ಕರೆಗಳು ಬಂದಿಳಿಯುತ್ತವೆ. ಹಳದಿ ಕೊಕ್ಕು, ಬೆನ್ನ ತುದಿಗೆ ಗುಲಾಬಿ ಬಣ್ಣ, ನಡೆಯುವ ಠೀವಿ ನೋಡಿದರೆ ಬೀಗರ ಮನೆಗೆ ಹೊರಟ ಹೆಂಗಸರೇ. ಮೇಲಿನ ಊರಲ್ಲೂ ಮರಗಳಿಗೇನು ಬರವಿರಲಿಲ್ಲ. ಆದರೆ ಅವು ಮಾತ್ರ ತಲೆಮಾರಿನಿಂದ ಕಾಲನಿಯ ಹುಣಸೆಮರಗಳನ್ನೇ ಹಿಡಿದಿದ್ದವು. ಇದು ಊರಾಚೆಯ ಕೇರಿ, ಇಲ್ಲಿ ಕೂತರೆ ಮೈಲಿಗೆ ಎಂದು ಅವಕ್ಕೆ ಹೇಳುವವರು ಯಾರು?

ಕೆಲವು ವರ್ಷಗಳ ಹಿಂದೆ ಸರ್ಕಾರಕ್ಕೂ ಕೊಕ್ಕರೆ ಕಣ್ಣಿಗೆ ಬಿತ್ತು. ಸಂರಕ್ಷಿತ ಪ್ರದೇಶ ಎಂದು ಹಸಿರು ಬೋರ್ಡು ಬಂತು, ಮರಗಳಿಗೆ ನಂಬರು ಬಂತು. ಕಾಲನಿಗೆ ಚರಂಡಿ ಬರುವುದು ಇನ್ನೂ ಇತ್ತು.

ಬೋರ್ಡು ಬರುವುದಕ್ಕೆ ಮುಂಚಿನಿಂದಲೂ ಕಾಲನಿಯವರಿಗೆ ಒಂದು ಕಟ್ಟಳೆಯಿತ್ತು. ಕೊಕ್ಕರೆ ಮೊಟ್ಟೆಯಿಟ್ಟ ಮೇಲೆ ತಮಟೆ ಸೂರಿಗೇರುತ್ತದೆ. ಮರಿಗಳು ರೆಕ್ಕೆ ಬಲಿತು ಎಲ್ಲವೂ ಎದ್ದುಹೋಗುವ ದಿನದವರೆಗೆ ಕೆಳಗಿಳಿಯುವುದಿಲ್ಲ. ಆ ಹಕ್ಕಿಗಳು ಲಾರಿ ಹಾರನ್ನಿಗೆ ಹೆದರವು, ಮೈಕಿಗೆ ಹೆದರವು, ಜಯಚಂದ್ರನ ಬಾಯಿಗಂತೂ ಹೆದರವು. ತಮಟೆಗೆ ಹೆದರುತ್ತವೆ. ಹೊಲದಲ್ಲಿ ಹಕ್ಕಿ ಓಡಿಸುವುದು ಆ ಸದ್ದಿನಿಂದಲೇ ಅಲ್ಲವೆ? ಹಾಗಾಗಿ ಕಾಲನಿಯಲ್ಲಿ ಮದುವೆಗಳೆಲ್ಲ ಮುಂದಕ್ಕೆ. ಮದುವೆಯನ್ನಾದರೆ ಮುಂದಕ್ಕೆ ಹಾಕಬಹುದು, ಸಾವನ್ನು? ಅದಕ್ಕೂ ದಾರಿ ಕಂಡುಕೊಂಡಿದ್ದರು. ಹೆಣ ಸುಮ್ಮನೆ ಹೋಗುತ್ತದೆ. ಕೊಕ್ಕರೆ ಎದ್ದ ದಿನ, ಆ ಕಾಲದಲ್ಲಿ ಸತ್ತವರ ಹೆಸರು ಹೇಳಿ, ಅವರ ಪಾಲಿನ ತಮಟೆ ಹೊಡೆಯುತ್ತಾರೆ. ಅಲ್ಲಿಯವರೆಗೆ ಸತ್ತವನು ಹೋದ ಲೆಕ್ಕಕ್ಕೆ ಬರುವುದಿಲ್ಲ, ಊರ ಬಾಗಿಲಲ್ಲೇ ಕಾಯುತ್ತಿರುತ್ತಾನೆ ಎಂದು ಮಾತು.

ಈ ಸಲ ಕಾಯುತ್ತಿದ್ದವನು ಪಾಪಕ್ಕನ ಗಂಡ ಅಕ್ಕುಲಪ್ಪ. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಅವನ ಕೈಗೆ ಹೆಸರಿತ್ತು. ಅವನು ತಮಟೆ ಹಿಡಿದರೆ ಕುಂಟನೂ ಕುಣಿಯುತ್ತಿದ್ದ, ಹೆಣವೂ ಎದ್ದು ಕೂರುತ್ತದೇನೋ ಎಂದು ಮಕ್ಕಳು ತಾಯಂದಿರ ಸೆರಗು ಹಿಡಿಯುತ್ತಿದ್ದರು. ಕೆಮ್ಮಿ ಕೆಮ್ಮಿ ಸೊರಗಿದವನು, ಕಡೆಯ ದಿನ ಅಣ್ಣನ ಕೈ ಹಿಡಿದು, "ನಂಗೂ ಈಗ ಹೊಡೀಬೇಡ ಕಣಣ್ಣ, ಮರಿ ಬೀಳ್ತವೆ. ಕಾಯ್ತೀನಿ ಬಿಡು, ನಂಗೇನ್ ಅವಸ್ರ?" ಎಂದಿದ್ದ. ಅಷ್ಟು ದೊಡ್ಡ ತಮಟೆಗಾರನ ಹೆಣ ಒಂದು ಏಟಿನ ಸದ್ದಿಲ್ಲದೆ ಹೋಯಿತು. ಪಾಪಕ್ಕ ಬಾಯಿಗೆ ಸೆರಗು ತುರುಕಿಕೊಂಡು ಅತ್ತಿದ್ದಳು. ಈ ವರ್ಷ ಮೊದಲನೇ ಏಟು ನಿನಗೇ ಎಂದು ಮಣ್ಣು ಹಾಕುವಾಗ ಮಾತು ಕೊಟ್ಟಿದ್ದಳು. ಈಗ ಆ ಏಟು ಸಾಹೇಬರ ಕಾರಿಗೆ ಬೇಕಂತೆ!

ಮಾರನೆಯ ದಿನ ರೇಂಜರ್ ತಿರುಮಲೇಶ್ ಜೀಪಿನಲ್ಲಿ ಬಂದ. ಒಳ್ಳೆಯ ಇಸ್ತ್ರಿ, ಕಪ್ಪು ಕನ್ನಡಕ. ಕಾಲನಿಯತ್ತ ನೋಡಿ ಮೂಗಿಗೆ ಕರ್ಚೀಫು ಹಿಡಿದ. "ಇದೇಂಟಿ, ಇಳ್ಳನ್ನೀ ಕನಪಡ್ತಾಯಿ!" ಎಂದ. ಮನೆಗಳು ಕಾಣುತ್ತಿವೆಯಂತೆ. ಮನೆಗಳಿದ್ದರೆ ಕಾಣದೆ ಇರುತ್ತವೆಯೇ? ಕಾಲನಿಯ ಉದ್ದಕ್ಕೂ ಹಸಿರು ಪರದೆ ಕಟ್ಟಿಸಲು ಹೇಳಿದ.

"ಮನೆ ಮುಚ್ತೀರಿ ಸಾರ್, ವಾಸ್ನೆಗೇನ್ ಕಟ್ತೀರಿ?" ಎಂದಳು ಪಾಪಕ್ಕ.

ಹೆಂಗಸರು ಕಿಸಕ್ಕೆಂದರು. ತಿರುಮಲೇಶನಿಗೆ ಅವಳ ಮುಖ ನೆನಪಿನಲ್ಲಿ ಕೂತಿರಬೇಕು. ಮುಂದಿನ ಕೆಲಸ ಅವಳಿಗೇ ಬಿತ್ತು. ಹಬ್ಬದ ದಿನ ಒಬ್ಬೊಬ್ಬ ಅತಿಥಿಗೂ ಒಬ್ಬೊಬ್ಬ ಹೆಂಗಸು ಕೊಡೆ ಹಿಡಿಯಬೇಕು, ದೊಡ್ಡ ಸಾಹೇಬರಿಗೆ ಪಾಪಕ್ಕ. ಬಿಸಿಲಿಗಲ್ಲ, ಹಿಕ್ಕೆಗೆ. ಸಾಹೇಬರ ಮೇಲೆ ಒಂದು ಹನಿಯೂ ಬೀಳಕೂಡದು.

"ನಮ್ಮ್ಯಾಲೆ ಬಿದ್ರೆ ಸಾರ್?"

"ಮೀಕು ಅಲವಾಟೇ ಕದಮ್ಮಾ," ಎಂದ ರೇಂಜರ್. ನಿಮಗೆ ಅಭ್ಯಾಸವೇ ತಾನೆ, ಎಂದು. ಕೆಟ್ಟ ಮನಸ್ಸಿನಿಂದ ಅಂದದ್ದೂ ಅಲ್ಲ, ಅದೇ ಅದರ ಚಂದ.

ಸಂಜೆ ಮುತ್ಯಾಲಪ್ಪನ ಜಗಲಿಯಲ್ಲಿ ತಮಟೆಯವರೆಲ್ಲ ಸೇರಿದರು. ಹೊಡೆದರೆ ಮರಿ ಉದುರುತ್ತವೆ, ಅಕ್ಕುಲಪ್ಪನಿಗೆ ಕೊಟ್ಟ ಮಾತು ಹೋಗುತ್ತದೆ. ಹೊಡೆಯದಿದ್ದರೆ ತಮಟೆಗಳೇ ಹೋಗುತ್ತವೆ, ಆಮೇಲೆ ಅಕ್ಕುಲಪ್ಪನಿಗೆ ಹೊಡೆಯುವುದು ಏನನ್ನು? ಅತ್ತ ದರಿ, ಇತ್ತ ಪುಲಿ. ಒಬ್ಬ ಬೀಡಿ ಹಚ್ಚಿದ, ಒಬ್ಬ ಆರಿಸಿದ.

"ಹೊಡೀರಿ," ಎಂದಳು ಬಾಗಿಲಲ್ಲಿ ನಿಂತಿದ್ದ ಪಾಪಕ್ಕ.

"ಏನಮ್ಮಣ್ಣಿ, ನಿಂಗೇನ್ ತಲೆಗಿಲೆ ಕೆಟ್ಟದಾ?"

"ಹೊಡೀರಿ ಅಂದೆ ಕಣ್ ಬಾವ. ಸದ್ದು ಬರ್ಲಿ ಅಂದ್ನಾ? ತಮಟೆ ಕಾಯಿಸ್ದೆ ಹೋದ್ರೆ ಏನಾಯ್ತದೆ?"

"ಬದಬದ ಅಂತದೆ."

"ನೆನಸ್ಬುಟ್ರೆ?"

ಮುತ್ಯಾಲಪ್ಪ ಅವಳ ಮುಖವನ್ನೇ ನೋಡಿದ. ತಮಟೆಯವನು ಹೆಂಡತಿಗೆ ಹೊದಿಸುವ ಮೊದಲು ತಮಟೆಗೆ ಹೊದಿಸುತ್ತಾನೆ. ಹುಲ್ಲು ಉರಿಸಿ, ಚರ್ಮ ಬಿಸಿ ಮಾಡಿ, ಬೆರಳಲ್ಲಿ ತಟ್ಟಿ ನೋಡಿ, ಆಮೇಲೆ ಕಡ್ಡಿ ಮುಟ್ಟಿಸುತ್ತಾನೆ. ಅಂಥಾದ್ದನ್ನು ನೀರಿಗೆ ಹಾಕುವುದೆ? "ಪಾಪ ಸುತ್ಕೊಂತದೆ ಕಣಮ್ಮ," ಎಂದ, ಅಳುವವನಂತೆ.

"ಮರಿ ಉದುರಿಸಿದ್ ಪಾಪಕ್ಕಿಂತ ಚಿಕ್ಕದೇ. ಬಿಸ್ಲಿಗೆ ಒಣಗ್ತದೆ ಬಿಡು."

ಹಬ್ಬದ ಬೆಳಗ್ಗೆ ದನದ ತೊಟ್ಟಿಯಲ್ಲಿ ತಮಟೆಗಳು ಎಮ್ಮೆಗಳ ಹಾಗೆ ಹಾಯಾಗಿ ಮುಳುಗಿದ್ದವು. ಮುತ್ಯಾಲಪ್ಪ ಆ ಕಡೆ ತಿರುಗಿಯೂ ನೋಡಲಿಲ್ಲ.

ಸಾಹೇಬರ ಕಾರು ಬಂತು. ಶಾಲೆಯ ಮಕ್ಕಳು ರಟ್ಟಿನ ಕೊಕ್ಕು ಕಟ್ಟಿಕೊಂಡು ಸಾಲಾಗಿ ನಿಂತಿದ್ದರು, ಹಿಂದೂಪುರದಿಂದ ಬಂದವರು ಉದ್ದುದ್ದ ಕ್ಯಾಮೆರಾ ಹಿಡಿದಿದ್ದರು. ಪಾಪಕ್ಕ ಕೊಡೆ ಬಿಚ್ಚಿ ಸಾಹೇಬರ ಬೆನ್ನಿಗೆ ಹೋದಳು. ಜಯಚಂದ್ರ ಕೈಯೆತ್ತಿ ಸನ್ನೆ ಮಾಡಿದ. ಮುತ್ಯಾಲಪ್ಪ ಹೆಜ್ಜೆ ಹಾಕಿದ. ಹಿಂದೆ ಎಲ್ಲರೂ ಹಾಕಿದರು. ಅಬ್ಬಬ್ಬಾ, ಅದೇನು ಕುಣಿತ! ತೋಳು ಬೀಸಿದ್ದೇನು, ಬಗ್ಗಿದ್ದೇನು, ಗಿರಕಿ ಹೊಡೆದದ್ದೇನು! ಆದರೆ ಸದ್ದು ಮಾತ್ರ ಬದಕ್, ಬದಕ್, ಸಗಣಿಗೆ ಕಾಲಿಟ್ಟಂತೆ. ಮೇಲೆ ಒಂದು ಕೊಕ್ಕರೆ ಕತ್ತು ಬಗ್ಗಿಸಿ ನೋಡಿ, ಮತ್ತೆ ಮರಿಗೆ ಮೀನು ಕಕ್ಕುವುದರಲ್ಲಿ ತೊಡಗಿತು.

"ಏಮಯ್ಯಾ, ಸೌಂಡ್ ಲೇದು?" ಎಂದರು ಸಾಹೇಬರು, ಸದ್ದೇ ಇಲ್ಲವಲ್ಲ ಎಂದು.

"ಜೋರಾಗಿ ಹೊಡೀರ್ಲಾ ಸೂಳೆಮಕ್ಳಾ!" ಜಯಚಂದ್ರ ಹಲ್ಲು ಕಚ್ಚಿದ. ಅವರು ಜೋರಾಗಿಯೇ ಹೊಡೆದರು. ಬದಕ್ ಬದಕ್. ರಟ್ಟಿನ ಕೊಕ್ಕಿನ ಮಕ್ಕಳು ಹೊಟ್ಟೆ ಹಿಡಿದು ನಗತೊಡಗಿದರು. ಜಯಚಂದ್ರ ನುಗ್ಗಿ ಮುತ್ಯಾಲಪ್ಪನ ಕೈಯಿಂದ ತಮಟೆ ಕಿತ್ತುಕೊಂಡ. ಬಿಳಿ ಅಂಗಿಯ ಎದೆಯ ಮೇಲೆ ನೀರು ದಳದಳ ಸುರಿಯಿತು.

"ಯಾರ್ಲಾ ನೆನೆಸಿದ್ದು?"

"ನಾನೇ ಸಾಮಿ," ಎಂದಳು ಪಾಪಕ್ಕ, ಕೊಡೆಯ ಕೆಳಗಿನಿಂದ. "ಬಾಣಂತೀರು ಅವ್ರೆ ಮ್ಯಾಲೆ. ನನ್ ಗಂಡನ್ ಹೆಣಕ್ಕೇ ಹೊಡೀಲಿಲ್ಲ, ಕಾರಿಗ್ ಹೊಡೀಬೇಕಾ?"

"ಸಾಹೇಬ್ರ ಮುಂದೆ ನಾಲ್ಗೆ ಬಿಡ್ತೀಯೇನೇ, ಮುಂಡೆ!"

ನಗು ನಿಂತಿತು. ಪಾಪಕ್ಕ ಜಯಚಂದ್ರನ ಕಡೆ ತಿರುಗಿದಳು.

"ಹೂಂ ಸಾಮಿ, ಮುಂಡೆನೇ. ಮುಂಡೆ ಆದ್ ದಿನಾನೂ ತಮಟೆ ಇಲ್ದೇನೇ ಆದೋಳು ನಾನು."

ಹಾಗೆಂದು ಕೊಡೆ ಮಡಚಿದಳು. ನಿಧಾನವಾಗಿ ಮಡಚಿ, ಗುಂಡಿ ಹಾಕಿ, ಸಾಹೇಬರ ಕೈಗೇ ಕೊಟ್ಟಳು. ಮೀನು ತಿಂದ ಮರಿ ಅದೇ ಗಳಿಗೆಗೆ ಗೂಡಿನ ಅಂಚಿಗೆ ತಿರುಗಿ ಕೂತಿತ್ತು. ಪಚಕ್! ಸಾಹೇಬರ ಕನ್ನಡಕ, ಮೂಗು, ಕೊರಳಿನ ಹಾರ, ಯಾವುದಕ್ಕೂ ಮೋಸವಾಗಲಿಲ್ಲ.

"ಅಲವಾಟು ಮಾಡ್ಕೊಳ್ಳಿ ಸಾರ್," ಎಂದಳು ಪಾಪಕ್ಕ, ರೇಂಜರನ ಕಡೆ ನೋಡುತ್ತ.

ಹಸಿರು ಪರದೆಯ ಹಿಂದಿನಿಂದ ಎದ್ದ ನಗು ಸಾಹೇಬರ ಕಾರು ಮಣ್ಣಿನ ರಸ್ತೆ ದಾಟುವವರೆಗೂ ಕೇಳಿಸುತ್ತಿತ್ತು.

ನಕ್ಕದ್ದಕ್ಕೆ ಸಂಜೆಗೇ ಶಿಕ್ಷೆ ಬಂತು. ಜಯಚಂದ್ರನ ಆಳುಗಳು ಮನೆಮನೆಗೆ ನುಗ್ಗಿ ತಮಟೆಗಳನ್ನು ಟ್ರಾಕ್ಟರಿಗೆ ಎಸೆದರು. ಅಡ್ಡ ಬಂದ ಮುತ್ಯಾಲಪ್ಪನ ತುಟಿ ಒಡೆಯಿತು. ಎಲ್ಲವನ್ನೂ ರಸ್ತೆ ಬದಿಯ ಗೊಬ್ಬರದ ಅಂಗಡಿಯೊಳಗೆ ತುಂಬಿ ಶಟರ್ ಎಳೆದರು. "ಆ ಮುಂಡೆ ಬಂದು ಊರೆದುರು ಕಾಲಿಗ್ ಬಿದ್ರೆ ಕೊಡ್ತೀನಿ. ಇಲ್ಲಾಂದ್ರೆ ಗೆದ್ಲು ತಿನ್ಲಿ," ಎಂದ ಜಯಚಂದ್ರ. ಪೊಲೀಸರಿಗೆ ಹೇಳಿದರೆ ಅವರು ಅವನ ಅಂಗಡಿಯಲ್ಲೇ ಕೂತು ಟೀ ಕುಡಿದು ಹೋದರು.

ಕಾಲನಿಯಲ್ಲಿ ಉಳಿದದ್ದು ಅಕ್ಕುಲಪ್ಪನ ಎರಡು ಕಡ್ಡಿ. ಒಂದು ತೆಳ್ಳಗೆ ಉದ್ದ, ಒಂದು ದಪ್ಪ ಮೋಟು. ಪಾಪಕ್ಕ ಅವನ್ನು ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದಳು.

ಮರಿಗಳು ಬೆಳೆದವು. ಒಂದೂ ಉದುರಲಿಲ್ಲ. ಕೊಂಬೆಯಿಂದ ಕೊಂಬೆಗೆ ಹಾರಿ, ಕೆರೆಯವರೆಗೆ ಹಾರಿ, ಮೀನು ಹಿಡಿಯುವುದು ಕಲಿತವು. ಅವು ಬಲಿತಷ್ಟೂ ಮುತ್ಯಾಲಪ್ಪನ ಮುಖ ಇಳಿಯುತ್ತಿತ್ತು. "ನಾನೇ ಹೋಗಿ ಬಿದ್ಬತ್ತೀನಿ ಕಣಮ್ಮ, ಕಾಲಿಗೆ," ಎಂದ ಒಂದು ದಿನ. "ನಮ್ ಹುಡ್ಗ ಇನ್ನೆಷ್ಟ್ ದಿನ ಊರ್ಬಾಗ್ಲಲ್ಲಿ ನಿಂತಿರ್ಬೇಕು?"

"ಅವನ್ ಕಾಲಿಗ್ ಬಿದ್ದು ತಂದ್ ತಮಟೆ ಹೊಡುದ್ರೆ ನಿನ್ ತಮ್ಮ ವಾಪಸ್ ಬಂದು ನಮ್ಮನ್ನೇ ಹೊಡೀತಾನೆ. ಇರು ಬಾವ."

ಶ್ರಾವಣದ ಒಂದು ಬೆಳಗ್ಗೆ ಪಾಪಕ್ಕ ಪೊರಕೆ ಹಿಡಿದು ಹೊರಬಂದರೆ ಗುಡಿಸಲು ಏನೂ ಇರಲಿಲ್ಲ. ಮರಗಳು ಖಾಲಿ. ಬರಿ ಗೂಡುಗಳು, ಗಾಳಿ. ಪೊರಕೆ ಎಸೆದು ಒಳಗೆ ಹೋಗಿ ಸೂರಿನಿಂದ ಕಡ್ಡಿಗಳನ್ನು ಎಳೆದುಕೊಂಡಳು. "ಕೊಕ್ಕರೆ ಎದ್ವು ಕಣ್ರಪ್ಪೋ!" ಎಂದು ಕೂಗುತ್ತ ಗೊಬ್ಬರದ ಅಂಗಡಿಯ ಕಡೆ ನಡೆದಳು. ಹಿಂದೆ ಕಾಲನಿ ಬಂತು.

ಶಟರ್ ಮುಂದೆ ನಿಂತು ಕಡ್ಡಿ ಎತ್ತಿದಳು.

"ಹೆಂಗಸ್ರು ತಮಟೆ ಮುಟ್ಟೋ ಅಂಗಿಲ್ಲ ಕಣಮ್ಮ," ಎಂದ ಮುತ್ಯಾಲಪ್ಪ, ಅಭ್ಯಾಸಬಲದಿಂದ.

"ಇದು ಸಟ್ರು ಬಾವ."

ಮೊದಲನೇ ಏಟು ಬಿತ್ತು. ಢಣಾರ್! ಅಕ್ಕುಲಪ್ಪ ಬದುಕಿದ್ದಾಗಲೂ ಅಷ್ಟು ದೊಡ್ಡ ತಮಟೆ ಹೊಡೆದಿರಲಿಲ್ಲ. ಆ ತಗಡಿನ ಸದ್ದು ರಸ್ತೆ ದಾಟಿ, ಮೇಲಿನ ಊರಿಗೆ ಹೋಗಿ, ಗುಡಿಯ ಗೋಡೆಗೆ ಬಡಿದು ವಾಪಸು ಬಂತು. ಅವಳ ಕೈಗೆ ವರಸೆ ಗೊತ್ತಿರಲಿಲ್ಲ, ಆದರೆ ಇಷ್ಟು ವರ್ಷ ಕೇಳಿದ ಕಿವಿಗೆ ಗೊತ್ತಿತ್ತು. ಮುತ್ಯಾಲಪ್ಪ ಕಣ್ಣೊರೆಸಿಕೊಂಡು ಬೇಲಿಯಿಂದ ಎರಡು ಕಡ್ಡಿ ಮುರಿದು ಪಕ್ಕಕ್ಕೆ ಬಂದ. ಆಮೇಲೆ ಯಾರು ಕಡ್ಡಿ, ಯಾರು ಕಲ್ಲು, ಯಾರು ಬರಿಗೈ ಎಂದು ನೋಡಿದವರಿಲ್ಲ. "ಅಕ್ಕುಲಪ್ಪೋ!" ಎಂದು ಒಬ್ಬರು ಹೆಸರು ಕೂಗಿದರೆ ಶಟರ್ ಪೂರಾ ನಡುಗಿತು.

ಜಯಚಂದ್ರ ಬನಿಯನ್ನಿನಲ್ಲೇ ಓಡಿಬಂದ. ಕೈಯಲ್ಲಿ ಬೀಗದ ಕೈ ಗೊಂಚಲು. "ನಿಲ್ಸ್ರೋ! ಸಟ್ರು ಹಾಳಾಯ್ತದೆ, ನಿಲ್ಸ್ರೋ!" ಅವನ ಬಾಯಿ ಆಡುತ್ತಿದ್ದುದು ಕಾಣುತ್ತಿತ್ತು, ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಪಾಪಕ್ಕ ಬೆವರು ಒರೆಸಿಕೊಳ್ಳಲು ಒಂದು ಗಳಿಗೆ ನಿಂತು ತಿರುಗಿದಳು.

"ಬೀಗ ತಗೀತೀರಾ ಸಾಮಿ? ತಗುದ್ರೆ ಒಳಗಿನ್ ತಮಟೆ ಹೊಡೀತೀವಿ. ತಗೀಲಿಲ್ಲಾಂದ್ರೆ ಇದೇ ಹೊಡೀತೀವಿ. ನಿಮ್ಗೆಂಗ್ ಅನ್ಕೂಲ?"

ಜಯಚಂದ್ರ ಬೀಗದ ಕೈ ಹಿಡಿದು ರಸ್ತೆಯ ನಡುವೆ ನಿಂತಿದ್ದ. ಪಾಪಕ್ಕ ಉತ್ತರಕ್ಕೆ ಕಾಯಲಿಲ್ಲ. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಶಟರ್ ಕಡೆ ತಿರುಗಿದಳು.