ಇಲ್ಲದ ಜ್ವರ

ಬೇಸಿಗೆಯುದ್ದಕ್ಕೂ ಬಣ್ಣದವನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಒಂದು ಮನೆಯ ಗೋಡೆ ಒಣಗುವ ಮೊದಲೇ ಇನ್ನೊಂದು ಮನೆಗೆ ಏಣಿ ಹಾಕುತ್ತಿದ್ದ. ಬೀದಿಯ ಮರಗಳು ಎಲೆ ಉದುರಿಸತೊಡಗಿದ್ದೇ ತಡ, ಕೆಲಸವೂ ಕಡಿಮೆಯಾಯಿತು. ಹೊತ್ತೇರಿದರೂ ಗೋಡೆಗಳ ಮೇಲೆ ಮಂಜಿನ ಪಸೆ, ಸಂಜೆ ಬೇಗ ಕತ್ತಲು. ಹೊರಗೋಡೆಗೆ ಬಣ್ಣ ಹಿಡಿಯುವುದಿಲ್ಲ. ಒಳಗಿನ ಕೆಲಸ ಸಿಕ್ಕರೆ ಮೇಸ್ತ್ರಿ ಫೋನು ಮಾಡುತ್ತಿದ್ದ. ಫೋನು ಬಾರದ ದಿನಗಳೇ ಹೆಚ್ಚಾದಾಗ ಅವನು ತರಕಾರಿ ಮಂಡಿಯಲ್ಲಿ ಲಾರಿ ಇಳಿಸಲು ಬೆಳಗಿನ ಜಾವವೇ ಎದ್ದು ಹೋಗತೊಡಗಿದ. ಅಲ್ಲೂ ಅಷ್ಟೇ, ಕರೆದರೆ ಉಂಟು, ಇಲ್ಲದಿದ್ದರೆ ಬರಿಗೈ.

ಹೆಂಡತಿಯದು ಇದಕ್ಕೆ ತಿರುವುಮುರುವು. ಚಳಿ ಹತ್ತಿರವಾದಂತೆ ಅಂಗಡಿಯಿಂದ ಮೂಟೆಗಟ್ಟಲೆ ಕೋಟುಗಳು ಗುಂಡಿ ಹಾಕಿಸಿಕೊಳ್ಳಲು ಮನೆಗೆ ಬರುತ್ತಿದ್ದವು. ಇದ್ದ ಎರಡು ಕೋಣೆಗಳಲ್ಲಿ ಒಂದು ಅವುಗಳ ಪಾಲಾಗಿತ್ತು. "ಬಾಡಿಗೆ ಕೊಡೋದು ನಾವು, ಕಾಲು ಚಾಚ್ಕೊಂಡಿರೋದು ಇವು," ಎಂದು ಅತ್ತೆ ಗೊಣಗುತ್ತಿದ್ದಳು. ಅತ್ತೆಗೆ ಕಿವಿ ಮಂದ. ಎದುರು ಕೂತು ಕೂಗಿದರೂ ಅರ್ಧ ಮಾತು ಗಾಳಿಗೇ ಹೋಗುತ್ತಿತ್ತು.

ಅವತ್ತು ಮಂಡಿಯಿಂದ ಬಂದವನು ಶೂ ಬಿಚ್ಚಲು ಕುರ್ಚಿಯಲ್ಲಿ ಕೂತ. ಒಂದನ್ನು ಬಿಚ್ಚಿದ. ಇನ್ನೊಂದರ ದಾರ ಹಿಡಿದುಕೊಂಡೇ, ಬಗ್ಗಿದಲ್ಲೇ ನಿದ್ದೆ ಹೋದ. ಅವಳು ಮೆಲ್ಲಗೆ ಹಿಂದಕ್ಕೆ ಒರಗಿಸಿದರೂ ಎಚ್ಚರವಾಗಲಿಲ್ಲ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಗುರುಗುಟ್ಟಿತು. ಅವಳೇ ತೆಗೆದು ಕಿವಿಗಿಟ್ಟಳು. ಮೇಸ್ತ್ರಿ.

"ಎಲ್ಲಿದ್ದಾನಮ್ಮಾ ನಿನ್ನ ಯಜಮಾನ? ಒಂದು ಆಫೀಸಿನ ಒಳಗೆ ಕೆಲಸ ಸಿಕ್ಕಿದೆ. ಈಗಲೇ ಹೊರಡೋಕೆ ಹೇಳು."

ಅವಳು ಗಂಡನತ್ತ ನೋಡಿದಳು. ಬಾಯಿ ಅರ್ಧ ತೆರೆದಿತ್ತು. ಗಲ್ಲ ಒಳಕ್ಕೆ ಹೋಗಿ, ಅವಳ ಅಪ್ಪನಿಗಿಂತ ಮುದುಕನಾಗಿ ಕಾಣುತ್ತಿದ್ದ. ಎಬ್ಬಿಸಬೇಕೆಂದು ಕೈಯನ್ನೇನೋ ಚಾಚಿದಳು.

"ಅವರಿಗೆ ಜ್ವರ ಬಂದಿದೆ," ಎಂದಳು. ಹಾಗೆನ್ನಬೇಕೆಂದು ಅವಳು ಯೋಚಿಸಿರಲಿಲ್ಲ.

"ಹೌದಾ? ಸರಿ ಬಿಡು, ಬೇರೆಯವರನ್ನ ನೋಡ್ಕೋತೀನಿ."

ಅವಳು ಫೋನನ್ನು ಮತ್ತೆ ಅವನ ಜೇಬಿಗೆ ಸೇರಿಸಿದಳು. ಮಾತು ಕೇಳಿಸದಿದ್ದರೂ ಅತ್ತೆ ಸೊಸೆಯ ಮುಖ ನೋಡಿದಳು, ಮಗನ ಮುಖ ನೋಡಿದಳು. ಎದ್ದು ಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿ ಬಂದಳು.

ಅವನಿಗೆ ಎಚ್ಚರವಾದಾಗ ಬಿಸಿಲು ಇಳಿದಿತ್ತು.

"ಫೋನ್ ಬಂದಿತ್ತಾ?"

ಇಲ್ಲ ಎಂದುಬಿಡಬಹುದಿತ್ತು. "ಬಂದಿತ್ತು. ಜ್ವರ ಅಂದೆ," ಎಂದಳು.

ಅವನು ಅವಳನ್ನೇ ದುರುಗುಟ್ಟಿ ನೋಡಿದ. ಆಗ ಅತ್ತೆ ನಡುವೆ ಬಾಯಿ ಹಾಕಿದಳು. "ಅವಳನ್ನ ಯಾಕೋ ಹಾಗೆ ನೋಡ್ತೀಯ? ಫೋನಲ್ಲಿ ಹೇಳಿದ್ದು ನಾನು."

"ನೀನಾ?" ಅವನು ತಾಯಿಯ ಕಿವಿಯ ಹತ್ತಿರ ಬಗ್ಗಿದ. "ಇಲ್ಲಿ ನಿಂತು ಕಿರುಚಿದ್ರೂ ನಿನಗೆ ಕೇಳಲ್ಲ. ಮೇಸ್ತ್ರಿ ಮಾತು ಮಾತ್ರ ಕೇಳಿಸ್ತಾ?"

"ಊಟ ಆಮೇಲೆ ಮಾಡ್ತೀನಿ, ನೀನು ಮಾಡು," ಎಂದಳು ಅತ್ತೆ.

ಅವನಿಗೆ ನಗು ಬಂದಿತ್ತು, ನಗಲಿಲ್ಲ. ಶೂ ಹಾಕಿಕೊಂಡು ಮೇಸ್ತ್ರಿಯನ್ನೇ ಹುಡುಕಿಕೊಂಡು ಹೊರಟುಹೋದ. ಅವಳು ಸೂಜಿ ಎತ್ತಿಕೊಂಡಳು. ಹಾಕಿದ ಗುಂಡಿ ಒಂದೂ ನೇರವಾಗಲಿಲ್ಲ. ಬಿಚ್ಚಿ ಮತ್ತೆ ಹಾಕಿದಳು.

ದೀಪ ಹಚ್ಚುವ ಹೊತ್ತಿಗೆ ವಾಪಸ್ಸು ಬಂದ. ತಲೆಯ ಮೇಲೆ ತರಗೆಲೆಯೊಂದು ಕೂತಿದ್ದು ಅವನಿಗೆ ಗೊತ್ತಿರಲಿಲ್ಲ.

"ಜ್ವರ ಇಳೀತು ಅಂದೆ. ಮೇಸ್ತ್ರಿ ಹಣೆ ಮುಟ್ಟಿ ನೋಡಿದ. ನಡ್ಕೊಂಡು ಹೋಗಿದ್ನಲ್ಲ, ಮೈ ಬೆಚ್ಚಗಿತ್ತು. 'ಜ್ವರದಲ್ಲಿ ಏಣಿ ಹತ್ತಿ ನೀನು ಬಿದ್ರೆ ನನ್ನ ತಲೆಗೆ ಬರುತ್ತೆ, ಈ ವಾರ ಪೂರ್ತಿ ಮಲಗು' ಅಂದ."

"ಈ ವಾರ ಪೂರ್ತೀನಾ?"

"ಪೂರ್ತಿ. ಇನ್ನು ಮಂಡಿಗೂ ಹೋಗೋ ಹಾಗಿಲ್ಲ. ಅವನ ಮನೆ ಅಲ್ಲೇ ಪಕ್ಕದಲ್ಲಿ."

ಅವಳಿಗೆ ಅಳು ಬಂತು. "ನಿಮ್ಮ ಮುಖ ನೋಡಿ ಎಬ್ಬಿಸೋಕಾಗಲಿಲ್ಲ ರೀ."

"ಎಬ್ಬಿಸಬೇಕಿತ್ತು," ಎಂದ. ಸಿಟ್ಟಿನಿಂದ ಅಂದದ್ದಲ್ಲ, ಸಿಟ್ಟು ಮಾಡಿಕೊಳ್ಳಲು ಬೇಕಾದ ತ್ರಾಣ ಉಳಿದಿರಲಿಲ್ಲ. "ಇನ್ನೊಂದು ಸಲ ಆದ್ರೆ ಒದ್ದಾದ್ರೂ ಎಬ್ಬಿಸು."

"ಹೂಂ."

ಮರುದಿನ ಅವನು ಮಧ್ಯಾಹ್ನದವರೆಗೂ ಮಲಗಿದ. ಅದರ ಮರುದಿನ ಕೋಟುಗಳ ನಡುವೆ ಜಾಗ ಮಾಡಿಕೊಂಡು ಕೂತು, ಸೂಜಿಗೆ ದಾರ ಪೋಣಿಸಿ ಕೊಡತೊಡಗಿದ. ಗುಂಡಿ ಹಾಕಿ ಮುಗಿಸಿದ ಕೋಟುಗಳ ಮೂಟೆಯನ್ನು ಅವನೇ ಅಂಗಡಿಗೆ ಹೊತ್ತುಕೊಂಡು ಹೋದ, ಅವಳೂ ಜೊತೆಗಿದ್ದಳು. ವಾಪಸ್ಸು ಬರುವಾಗ ಮೇಸ್ತ್ರಿಯ ಕಣ್ಣಿಗೆ ಬೀಳದಂತೆ ಹಿಂದಿನ ಬೀದಿ ಹಿಡಿದು, ಮದುವೆಯಾದ ಹೊಸದರಲ್ಲಿ ಇಬ್ಬರೂ ತಿರುಗಾಡುತ್ತಿದ್ದ ಕಾಲುವೆಯ ದಾರಿಯಲ್ಲಿ ಬಂದರು. ದಾರಿಯ ತುಂಬ ನೆನೆದ ಎಲೆ. ನಡುವೆ ಒಂದು ಕಲ್ಲುಬೆಂಚು ಸಿಕ್ಕಿತು.

"ಕಾಲು ನೋಯ್ತಿದೆ, ಸ್ವಲ್ಪ ಕೂರೋಣ," ಎಂದಳು ಅವಳು.

ಕೂತರು. ಬೆಂಚು ತಣ್ಣಗೆ ಕೊರೆಯುತ್ತಿತ್ತು. ಆದರೂ ಏಳಲು ಇಬ್ಬರಿಗೂ ಮನಸ್ಸಾಗಲಿಲ್ಲ.