ಭಾಗೀರಥಿಬಾಯಿಯ ಬಲಗೈ

ಎರಡನೇ ಬಳೆಯೂ ಒಡೆಯಿತು. ಹಸಿರು ಗಾಜಿನ ಚೂರು ನೆಲದ ಮೇಲೆ ಸಿಡಿದದ್ದೇ ತಡ, ಸುತ್ತ ಕೂತ ಹೆಂಗಸರು ಒಮ್ಮೆಲೇ ಹಿಂದೆ ಸರಿದರು.

"ಅಯ್ಯ, ಇದೂ ಹೋತಲ್ಲ!" ಅಂದರು ಗೋಪಿಕಾಬಾಯಿ. ತೀರಿಕೊಂಡ ಭಾಗೀರಥಿಬಾಯಿಯ ಗಂಡನ ಅಕ್ಕ ಅವರು. ತಮ್ಮನ ಹೆಂಡತಿಯ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆವರುತ್ತಿದ್ದರು. ಎಡಗೈಗೆ ಬಳೆ ಸರಾಗವಾಗಿ ಏರಿದ್ದವು. ಬಲಗೈಗೆ ಒಂದೂ ಏರಲೊಲ್ಲದು.

ಹಾನಗಲ್ಲಿನ ಆ ಓಣಿಯಲ್ಲಿ ಅವತ್ತು ಸುದ್ದಿ ಹರಡಿದ ಮೇಲೆ ಯಾರ ಮನೆಯಲ್ಲೂ ಒಲೆ ಹೊತ್ತಿರಲಿಲ್ಲ. ಎಂಬತ್ತಾರನೇ ಇಸವಿಯ ಬೇಸಿಗೆ. ನಲವತ್ತೈದರ ಭಾಗೀರಥಿಬಾಯಿ ಬೆಳಿಗ್ಗೆ ಹಾಲು ಕಾಯಲಿಟ್ಟು ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಹಾಲು ಉಕ್ಕಿ ಹೊತ್ತಿದ ವಾಸನೆಗೆ ಗಂಡ ಶ್ರೀಪಾದರಾಯರು ಒಳಗೆ ಬಂದು ನೋಡಿದ್ದರು. ಗಂಡ ಇರುವಾಗಲೇ ಹೋದ ಮುತ್ತೈದೆ. ಹಸಿರು ಸೀರೆ, ಕುಂಕುಮ, ಹೂವು, ಎರಡೂ ಕೈತುಂಬ ಹಸಿರು ಬಳೆ ಆಗಬೇಕು. ಎಲ್ಲ ಆಗಿತ್ತು, ಬಲಗೈ ಒಂದು ಬಿಟ್ಟು.

"ಮುತ್ತೈದಿ ಕೈಯಾಗ ಬಳಿ ಒಡಿಯೂದಂದ್ರ ಶ್ರೀಪಾದಗ ಛಲೋ ಅಲ್ಲವಾ ಅದು," ಹಿಂದಿನಿಂದ ಯಾರೋ ಪಿಸುಗುಟ್ಟಿದರು.

"ಯಾವುದರೆ ಹರಕಿ ಮರ್ತು ಬಿಟ್ಟಿದ್ಲೋ ಏನೋ."

"ಹಂಗಂತ ಒಂದ ಕೈ ಖಾಲಿ ಬಿಟ್ಟು ಕಳಸ್ತೀರೇನು? ನಾಳೆ ಊರು ಏನಂದೀತು?"

ಬೀದಿಯಲ್ಲಿ ಚಟ್ಟ ಕಟ್ಟಿ ಮುಗಿದಿತ್ತು. ಪುರೋಹಿತ ವಾದಿರಾಜಾಚಾರ್ಯರು ಬಾಗಿಲಲ್ಲಿ ಬಗ್ಗಿ, "ಗೋಪಕ್ಕ, ಲಗೂ ಮುಗಸ್ರಿ. ಬಿಸಲು ಏರ್ಲಿಕತ್ತದ," ಅಂದರು.

ಗೋಪಿಕಾಬಾಯಿ ಮೂರನೇ ಬಳೆ ತಗೊಂಡರು. ಆಗ ಹೊರಗಿನ ಕಟ್ಟೆಯಿಂದ ಒಂದು ದನಿ ಬಂತು.

"ಹಂಗ ಹಿಂಡಬ್ಯಾಡ್ರಿ ಬಾಯಾರ! ಆ ಕೈಗೆ ಬಳಿ ನೆಟ್ಟಗ ಏರೂದಿಲ್ಲ."

ಬಳೆಗಾರ್ತಿ ಅಖ್ತರುನ್ನೀಸಾ. ಈ ಓಣಿಯ ಹೆಂಗಸರ ಕೈಗಳೆಲ್ಲ ಅವಳಿಗೆ ಬಾಯಿಪಾಠ. ಸುದ್ದಿ ಕೇಳಿದವಳೇ ಬಳೆಬುಟ್ಟಿ ಸಮೇತ ಓಡಿ ಬಂದಿದ್ದಳು. ಬಂದು ಹೊಸ್ತಿಲಾಚೆ ನಿಂತುಬಿಟ್ಟಿದ್ದಳು.

"ನಾ ಇಡ್ತೇನ್ರಿ. ಎರಡ ನಿಮಿಷ."

"ಬ್ಯಾಡವಾ," ಅಂದರು ಗೋಪಿಕಾಬಾಯಿ. "ಆಕೀದು ಜಳಕಾ ಆಗೇದ. ಇನ್ನ ಹೊರಗಿನವರು ಮುಟ್ಟೂ ಹಂಗಿಲ್ಲ."

"ಇಪ್ಪತ್ತು ವರ್ಷ ಇದ ಕಟ್ಟಿ ಮ್ಯಾಲ ಕುಂತು ಮುಟ್ಟೇನಲ್ರಿ. ನಿಮ್ಮ ಕೈನೂ ಮುಟ್ಟೇನಿ."

"ಅದು ಬ್ಯಾರೆ. ಬಳಿ ಇಡಿಸ್ಕೊಂಡು ಒಳಗ ಹೋಗಿ ಸೀರಿ ಬದಲಿಸ್ತಿದ್ವಿ. ಈಗ ಆಕಿ ಎದ್ದು ಬದಲಿಸ್ತಾಳೇನು?"

ಯಾರಿಗೋ ನಗು ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಒದ್ದೆ ಧೋತರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಶ್ರೀಪಾದರಾಯರು ಅಷ್ಟೊತ್ತಿಗೆ ತಲೆ ಎತ್ತಿದರು. ಕೋರ್ಟಿನಲ್ಲಿ ಕಾರಕೂನರು ಅವರು.

"ನೆಟ್ಟಗ ಯಾಕ ಏರೂದಿಲ್ಲ, ಅಖ್ತರ?"

"ಮುರದಿತ್ತಲ್ರಿ ರಾಯರ. ಎಲುವು ಡೊಂಕ ಕೂಡೇದ."

"ಹೌದು. ಹಿತ್ತಲದಾಗ ಒಗಿಯೂ ಕಲ್ಲಿನ ಮ್ಯಾಲ ಜಾರಿ ಬಿದ್ಲು."

ಅಖ್ತರುನ್ನೀಸಾಳದು ಹನ್ನೆರಡು ವರ್ಷ ಕಟ್ಟಿಕೊಂಡ ಬಾಯಿ. ಒಳಗೆ ಮಲಗಿದವಳ ಮುಖ ನೋಡಿದಳು. ಅಷ್ಟರಲ್ಲಿ ಹಿಂದಿನಿಂದ ಮತ್ತೆ ಅದೇ ಪಿಸುಮಾತು, "ಏನೋ ದೋಷ ಅದ ಬಿಡ್ರಿ," ಅಂತ.

ಅವಳಿಗೆ ತಡೆಯಲಾಗಲಿಲ್ಲ.

"ದೋಷಾನೂ ಇಲ್ಲ, ಏನೂ ಇಲ್ರಿ! ಬಾಯಾರು ಕಲ್ಲಿನ ಮ್ಯಾಲ ಬಿದ್ದಿಲ್ಲ. ಸೈಕಲ್ ಮ್ಯಾಲಿಂದ ಬಿದ್ರು. ಆನಿಕೆರಿ ಏರಿ ಮ್ಯಾಲ."

*

ಎಪ್ಪತ್ನಾಲ್ಕರ ನಾಗರಪಂಚಮಿಯ ಮರುದಿನ. ಸಾಲೆಗೆ ಸೂಟಿ, ಕೋರ್ಟಿಗೆ ಸೂಟಿ. ಶ್ರೀಪಾದರಾಯರು ಮಗ ಅನಂತನನ್ನು ಕರಕೊಂಡು ಸವಣೂರು ಮಠಕ್ಕೆ ಹೋಗಿದ್ದರು. ಊರಿನ ಹೆಂಗಸರೆಲ್ಲ ಜೋಕಾಲಿ ಜೀಕುತ್ತಿದ್ದರೆ ಭಾಗೀರಥಿ, ಅಖ್ತರ, ಸರೋಜವ್ವ ಈ ಮೂವರು ಆನಿಕೆರೆಯ ಏರಿ ಮೇಲೆ ಸೈಕಲ್ ಹೊಡೆಯುತ್ತಿದ್ದರು.

ಇಡೀ ಬೇಸಿಗೆ, ಬೆಳಕು ಹರಿಯುವ ಹೊತ್ತಿಗೆ, ಸಾಲೆಯ ಬಯಲಲ್ಲಿ ಇಬ್ಬರಿಗೂ ಕಲಿಸಿದವಳು ನರ್ಸ್ ಸರೋಜವ್ವ. ಅವಳದು ಸರಕಾರಿ ಸೈಕಲ್. ಭಾಗೀರಥಿಗೆ ಇನ್ನೊಬ್ಬ ನರ್ಸಿನ ಸೈಕಲ್ ಎರವಲು ತಂದಿದ್ದಳು. ಅಖ್ತರ ತನ್ನ ಅಣ್ಣನ ಗಂಡಸರ ಸೈಕಲ್ಲನ್ನು, ನಡುವಿನ ದಂಡದ ಕೆಳಗಿಂದ ಕಾಲು ತೂರಿಸಿ ಓರೆಯಾಗಿ ತುಳಿಯುತ್ತಿದ್ದಳು.

ಎಡಕ್ಕೆ ನೀರು, ಬಲಕ್ಕೆ ಹಸಿರು ಗದ್ದೆ. ಸೋನೆ ಆಗಷ್ಟೇ ನಿಂತಿತ್ತು. ಭಾಗೀರಥಿಯ ಸೆರಗು ಸೊಂಟಕ್ಕೆ ಸುತ್ತಿತ್ತು, ಹೆರಳು ಬಿಚ್ಚಿ ಹಾರುತ್ತಿತ್ತು.

"ಚಕ್ರ ನೋಡಬ್ಯಾಡ್ರಿ ಬಾಯಾರ, ಮುಂದ ನೋಡ್ರಿ!" ಸರೋಜವ್ವ ಒದರಿದಳು.

"ಮುಂದ ಎಮ್ಮಿ ಅದಾವಲ್ಲ!"

"ಗಂಟಿ ಹೊಡೀರಿ!"

"ಗಂಟಿ ಹೊಡದ್ರ ಎಮ್ಮಿ ದಾರಿ ಬಿಡ್ತದೇನ? ಅದೇನು ನಮ್ಮ ಗೋಪಕ್ಕ ಅಲ್ಲಲ್ಲ, ಗಂಟಿ ಕೇಳಿ ಎದ್ದು ಮಡೀಲೆ ಬಾಜೂಕ ಸರೀಲಿಕ್ಕೆ!"

ಅಂದದ್ದೇ ಅಂದದ್ದು, ಭಾಗೀರಥಿ ತನ್ನ ಮಾತಿಗೆ ತಾನೇ ನಕ್ಕಳು. ಹೊಟ್ಟೆ ಹಿಡಿದು ನಗುವುದಕ್ಕೆ ಹ್ಯಾಂಡಲ್ಲೇ ಬಿಟ್ಟಳು. ಎಮ್ಮೆಗಳು ಪಾಪ ತಮ್ಮ ಪಾಡಿಗೆ ಸರಿದು ನಿಂತಿದ್ದವು. ಸೈಕಲ್ ಅಡ್ಡ ಬಿತ್ತು, ಕೈ ಕೆಳಗೆ ಸಿಕ್ಕಿತು.

ಸರೋಜವ್ವ ಮುಟ್ಟಿ ನೋಡಿದಳು. ಮುರಿದಿತ್ತು. ಗಾಳಿ ಹೊಡೆಯುವ ಪಂಪನ್ನೇ ಕೈಗೆ ಆಸರೆ ಇಟ್ಟು, ತನ್ನ ಸೆರಗು ಹರಿದು ಬಿಗಿಯಾಗಿ ಕಟ್ಟಿದಳು.

"ನಡೀರಿ, ಮನಿಗೆ."

"ಸುತ್ತು ಎಷ್ಟ ಉಳದದ?" ಭಾಗೀರಥಿಯ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ.

"ಅರ್ಧ ಆಗೇತಿ."

"ಹಂಗಾರ ಹಿಂದ ಹೋದ್ರೂ ಅಷ್ಟ, ಮುಂದ ಹೋದ್ರೂ ಅಷ್ಟ. ಮುಂದ ಹೋಗೂಣು."

ಅಖ್ತರ ಅಲ್ಲೇ ಒಬ್ಬ ದನ ಕಾಯುವವನಿಗೆ ಬಿದ್ದ ಸೈಕಲ್ ಕಾಯಲು ಹೇಳಿದಳು. ಭಾಗೀರಥಿ ಸರೋಜವ್ವನ ಕ್ಯಾರಿಯರ್ ಮೇಲೆ ಕೂತಳು. ಎಡಗೈಯಲ್ಲಿ ಪಂಚಮಿಯ ಶೇಂಗಾ ಉಂಡೆ ಮುರಿದು, ಒಂದು ತುಂಡು ಸರೋಜವ್ವನ ಬಾಯಿಗೆ ಹಿಂದಿನಿಂದ ಇಟ್ಟಳು. ಹಾಗೇ ಕೆರೆಯ ಸುತ್ತು ಮುಗಿಯಿತು.

"ಮನ್ಯಾಗ ಏನ ಹೇಳ್ತೀರಿ?" ಅಖ್ತರ ಕೇಳಿದಳು.

"ಒಗಿಯೂ ಕಲ್ಲಿನ ಮ್ಯಾಲ ಜಾರಿದೆ ಅಂತೇನಿ. ಒಂದು ವಾರ ಹೋಗ್ಲಿ, ಖರೇ ಹೇಳ್ತೇನಿ. ಅಲ್ಲೀ ತನಕ ನೀನೂ ಬಾಯಿ ಬಿಡಬ್ಯಾಡ, ಆಣಿ ಅದ."

*

ಪಡಸಾಲೆಯಲ್ಲಿ ಎಲ್ಲರೂ ಶ್ರೀಪಾದರಾಯರ ಮುಖ ನೋಡುತ್ತಿದ್ದರು.

"ಇಕೀ ಸೈಕಲ್ ಹೊಡೀತಿದ್ಲು?"

"ನನಗಿಂತ ಛಲೋರಿ."

"ನಾ ಆ ಕಲ್ಲು ತಿಕ್ಕೇನಿ," ಅಂದರು ರಾಯರು. "ಪ್ರತಿ ಐತವಾರ. ಇಟ್ಟಂಗಿ ಪುಡಿ ಹಾಕಿ, ತೆಂಗಿನ ನಾರಿನ ಜುಬ್ಬರದಿಂದ. ಹನ್ನೆರಡು ವರ್ಷ. ಮತ್ತ ಜಾರಬಾರ್ದು ಆಕಿ ಅಂತ. ಮೊನ್ನೆ ಐತವಾರನೂ ತಿಕ್ಕೇನಿ."

"ಅದಕ್ಕ ಹೇಳ್ಲಿಲ್ರಿ ಅವ್ರು," ಅಖ್ತರುನ್ನೀಸಾ ಮೆಲ್ಲಗೆ ಅಂದಳು. "ವಾರ ಕಳದ ಮ್ಯಾಲ ಹೇಳಬೇಕಂತ ಹಿತ್ತಲಕ್ಕ ಬಂದ್ರಂತ. ನೀವು ಕಚ್ಚಿ ಮ್ಯಾಲ ಕಟ್ಟಿ ಕಲ್ಲು ತಿಕ್ಕಾಕತ್ತಿದ್ರಂತ. ನೋಡಿ ಬಾಯೇ ಬರ್ಲಿಲ್ಲ ಅಂದ್ರು. ವರ್ಷಾ ಬಳಿ ಇಡಿಸ್ಕೊಳ್ಳೂ ಮುಂದ ಇದನ್ನ ಹೇಳ್ತಿದ್ರು, ನಗ್ತಿದ್ರು, ಆಮ್ಯಾಲ ಕಣ್ಣು ಒರಸ್ಕೊಂತಿದ್ರು."

ರಾಯರು ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದರು.

"ಅಕ್ಕಾ, ಬಾಜೂಕ ಸರಿ. ಅಖ್ತರ ಇಡ್ಲಿ."

"ಶ್ರೀಪಾದ! ಮಡಿ..."

"ಇಡ್ಲಿ ಬಿಡ್ರಿ ಗೋಪಕ್ಕ," ವಾದಿರಾಜಾಚಾರ್ಯರು ಬಾಗಿಲಿಂದಲೇ ಅಂದರು. "ಆಮ್ಯಾಲ ತುಳಸಿ ನೀರು ಚಿಮಕಸ್ತೇನಿ. ಖಾಲಿ ಕೈಲೆ ಕಳಸೂದಕಿಂತ ಛಲೋ ಅದು."

ಅಖ್ತರುನ್ನೀಸಾ ಹೊಸ್ತಿಲು ದಾಟಿ ಬಂದು ಕೂತಳು. ಭಾಗೀರಥಿಬಾಯಿಯ ಕೈ ಸೆಟೆಯತೊಡಗಿತ್ತು. "ಬೆಚ್ಚನ್ನ ನೀರು ಬೇಕ್ರಿ," ಅಂದಳು. ಯಾರೂ ಏಳಲಿಲ್ಲ. ಕೊನೆಗೆ ಗೋಪಿಕಾಬಾಯಿಯೇ ಎದ್ದು ಹೋಗಿ, ಜಳಕದ ಹಂಡೆಯಲ್ಲಿ ಉಳಿದಿದ್ದ ಬಿಸಿನೀರು ತಂಬಿಗೆಯಲ್ಲಿ ತಂದರು. ಮೊದಲ ಸಲ ತಾಗದಂತೆ ಎತ್ತರದಿಂದ ಸುರಿದರು. ನೀರು ನೆಲಕ್ಕೆಲ್ಲ ಚೆಲ್ಲಿತು. ಎರಡನೇ ಸಲ ಬಗ್ಗಿ, ಅಖ್ತರಳ ಬೆರಳಿಗೆ ತಂಬಿಗೆ ತಾಗಿದರೂ ಬಿಡದೆ, ಹತ್ತಿರದಿಂದ ಸುರಿದರು.

ಅಖ್ತರುನ್ನೀಸಾ ಆ ಕೈಯನ್ನು ಹಗುರಾಗಿ ತಿಕ್ಕಿ ತಿಕ್ಕಿ ಸಡಿಲು ಮಾಡಿದಳು. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಬಳೆಯನ್ನು ಗೆಣ್ಣಿನ ತನಕ ತಂದು, ಡೊಂಕು ಎಲುಬಿನ ಹತ್ತಿರ ಕಿರುಬೆರಳಿನ ಕಡೆ ವಾಲಿಸಿ ಅರ್ಧ ತಿರುವಿದಳು. ಬಳೆ ಒಳಗೆ ಹೋಯಿತು. ಇನ್ನೊಂದು. ಮತ್ತೊಂದು. ಒಂದೂ ಒಡೆಯಲಿಲ್ಲ. ಕೊನೆಯದನ್ನು ಇಟ್ಟು, ಎಲ್ಲವನ್ನೂ ಸಾಲಾಗಿ ಸರಿಸಿ, ರೂಢಿಯಂತೆ ಕೇಳಿದಳು,

"ಬಿಗಿ ಆತೇನ್ರಿ, ಬಾಯಾರ?"

ಕೇಳಿದ ಮೇಲೆ ತಾನೇ ಬೆಚ್ಚಿದಳು. ಆಗ ಅಲ್ಲಿ ಕೂತ ಹೆಂಗಸರೆಲ್ಲ, ಬೆಳಿಗ್ಗೆಯಿಂದ ಅತ್ತದ್ದು ಅಳುವೇ ಅಲ್ಲವೆಂಬಂತೆ ಅತ್ತರು.

*

ಚಟ್ಟ ಎತ್ತಿದರು. ಅನಂತ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ. ಹೆಂಗಸರು ಬಾಗಿಲಲ್ಲೇ ನಿಂತರು, ಗೋಪಿಕಾಬಾಯಿಯ ಪಕ್ಕದಲ್ಲಿ ಅಖ್ತರುನ್ನೀಸಾ.

ಎದೆಯ ಮೇಲೆ ಮಡಿಸಿಟ್ಟಿದ್ದ ಬಲಗೈ ನಾಲ್ಕು ಹೆಜ್ಜೆಗೇ ಜಾರಿ ಪಕ್ಕಕ್ಕೆ ಬಂತು. ಹೊತ್ತವರ ಒಂದೊಂದು ಹೆಜ್ಜೆಗೂ ಬಳೆ ಬಿದಿರಿಗೆ ತಾಗಿ ಟಿಣ್ ಟಿಣ್ ಅನ್ನತೊಡಗಿತು.

"ಎತ್ತಿದ ಮ್ಯಾಲ ನಿಲ್ಲಬಾರ್ದು, ನಡೀರಿ, ನಡೀರಿ," ಆಚಾರ್ಯರು ಅವಸರ ಮಾಡಿದರು.

ಶ್ರೀಪಾದರಾಯರು ನಿಲ್ಲಿಸಿ ಅನ್ನಲಿಲ್ಲ. ಗುಂಪಿನಿಂದ ಸರಿದು ಚಟ್ಟದ ಬಲಕ್ಕೆ ಬಂದರು. ಬಿದಿರಿಗೂ ಬಳೆಗೂ ನಡುವೆ ತಮ್ಮ ಅಂಗೈ ತೂರಿಸಿದರು. ಸದ್ದು ನಿಂತಿತು. ಹೊತ್ತವರು ಬೇಗ ಬೇಗ ಹೆಜ್ಜೆ ಹಾಕಿದಂತೆ ರಾಯರೂ ಒಂದು ಕಡೆ ವಾಲಿಕೊಂಡು, ಒದ್ದೆ ಧೋತರ ಕಾಲಿಗೆ ತೊಡರಿದರೂ ಕೈ ತೆಗೆಯದೆ, ಅರ್ಧ ನಡೆಯುತ್ತ ಅರ್ಧ ಓಡುತ್ತ ಓಣಿಯ ತಿರುವಿನಲ್ಲಿ ಮರೆಯಾದರು.